ಅಂದು ಉತ್ತರಿಸದ ಒಂದು ಪ್ರಶ್ನೆ



ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ತನ್ನ ತಾಯಿಯ ಮೊಬೈಲಿನಲ್ಲಿ ಆರೇಳು ನಿಮಿಷಗಳ ಒಂದು ಕನ್ನಡ ವಿಡಿಯೊವನ್ನು ನನಗೆ ತೋರಿಸಿದಳು. ಉಪಗ್ರಹಗಳು ಏಕೆ ಕೆಳಗೆ ಬೀಳುವುದಿಲ್ಲ ಎಂಬುದು ಅದರ ವಿಷಯ. ನೋಡುತ್ತಿದ್ದಂತೆಯೇ ನನ್ನ ಮನಸ್ಸು ಐವತ್ತು ವರ್ಷ ಹಿಂದಕ್ಕೆ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ಹೋಯಿತು. ಇದೇ ಪ್ರಶ್ನೆಯನ್ನು ಅಲ್ಲಿ ಕೇಳಿದ್ದ ಹುಡುಗಿಯೊಬ್ಬಳನ್ನು ನಾನು ಗದರಿಸಿ ಕೂರಿಸಿದ್ದೆ. ಅದನ್ನು ಹೇಳಿಕೊಳ್ಳುವ ಮೊದಲು, ಇಂತಹ ಪಾಠಗಳು ನಮ್ಮವರೆಗೆ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಪಾಠವನ್ನು ತರಗತಿಯ ಗೋಡೆಯಾಚೆಗೆ ಒಯ್ಯಬೇಕೆಂಬ ಹಂಬಲ ಅಂತರಜಾಲಕ್ಕಿಂತ ಬಹಳ ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಆರಂಭಿಸಿತು. ಆ ಉಪನ್ಯಾಸಮಾಲೆಯನ್ನು 19 ಬಾರಿ ನಡೆಸಿಕೊಟ್ಟವನು ಮೈಕೇಲ್ ಫ್ಯಾರಡೆ. ಆತ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬ ಕೊಟ್ಟ ಟಿಕೆಟ್ಟಿನಿಂದ 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ್ದೇ ಅವನ ಬಾಳಿನ ದಿಕ್ಕನ್ನು ಬದಲಿಸಿತು. ಮುಂದೆ ಆತ ಒಂದು ಮೇಣದಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ನೀಡಿದ. ಅವು 1861ರಲ್ಲಿ ಪುಸ್ತಕವಾಗಿ ಬಂದವು. ತಾನು ತೋರಿಸಿದ್ದನ್ನು ಮಕ್ಕಳು ಮನೆಯಲ್ಲಿಯೂ ಮಾಡಿ ನೋಡಬೇಕೆಂಬುದು ಆತನ ಆಸೆಯಾಗಿತ್ತು. ಕೇಳಿದವರ ಕೈಗೆ ಕೆಲಸ ಕೊಡದ ಪಾಠ ಅವನ ದೃಷ್ಟಿಯಲ್ಲಿ ಅರ್ಧ ಪಾಠ.

ಇಂತಹುದೇ ಹಂಬಲ ನಮ್ಮ ನಾಡಿಗೆ ಆಕಾಶಮಾರ್ಗವಾಗಿ ಬಂದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಆ ಪ್ರಯೋಗದ ಹೆಸರು ‘ಸೈಟ್’. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಲಾಯಿತು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊ. ಯಶಪಾಲ್ ಅದರ ಮುಂಚೂಣಿಯಲ್ಲಿದ್ದರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಬೆಂಗಳೂರಿನ ಮನೆಗಳೇ ಟೀವಿ ಕಾಣದಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ಮಕ್ಕಳು ಅದನ್ನು ಕಂಡರು!

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ ನಿಂತಿತು. ಬೆಳಗಿನ ಹೊತ್ತು ಮಕ್ಕಳಿಗಾಗಿ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ. ಎಂದೂ ಹೊತ್ತಿಗೆ ಸರಿಯಾಗಿ ಬಾರದ ಮಕ್ಕಳು ಮುಂಚೆಯೇ ಬಂದು ಜಾಗ ಹಿಡಿಯುತ್ತಿದ್ದರು.

ಒಂದು ದಿನ ಕಾರ್ಯಕ್ರಮ ಮುಗಿದ ಮೇಲೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಈ ಚಿತ್ರ ಕಳಸೋ ಉಪಗ್ರಹ ಮ್ಯಾಲ ಹ್ಯಾಂಗ ನಿಂತೈತ್ರಿ? ಕೆಳಗ ಯಾಕ ಬೀಳಂಗಿಲ್ರಿ?”

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ಪಾಠದಲ್ಲಿ ಇಲ್ಲದ್ದನ್ನು ಕೇಳಬಾರದು, ಕೂತ್ಕೊ” ಎಂದು ಗದರಿದೆ. ಆಕೆ ಕುಳಿತಳು. ಆ ವರ್ಷವೆಲ್ಲ ಆಕೆ ಮತ್ತೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಒಂದು ವರ್ಷ ತುಂಬಿದೊಡನೆ ಉಪಗ್ರಹ ತನ್ನ ದೇಶದ ಸೇವೆಗೆ ಮರಳಿತು. ನಮ್ಮ ಪೆಟ್ಟಿಗೆಯೂ ಮೂಕವಾಯಿತು. ಮುಂದಿನ ವರ್ಷ ಆಕೆ ಶಾಲೆಗೆ ಬರಲಿಲ್ಲ. ಹೊಲದ ಕೆಲಸಕ್ಕೆ ಹಚ್ಚಿದರೆಂದು ಕೇಳಿದೆ.

ಆ ಮೇಲಿನ ಕಥೆ ನಿಮಗೆಲ್ಲ ತಿಳಿದದ್ದೇ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ದೂರದರ್ಶನದಲ್ಲಿ ಆರಂಭವಾದವು. 2005ರಲ್ಲಿ ಯೂಟ್ಯೂಬ್ ಬಂದಿತು. 2006ರ ಜೂನ್ 27ರಂದು ‘ಟೆಡ್’ ಸಂಸ್ಥೆ ತನ್ನ ಸಭಾಂಗಣದ ಆರು ಭಾಷಣಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ದುಬಾರಿ ಶುಲ್ಕ ತೆತ್ತವರಷ್ಟೇ ಕೇಳುತ್ತಿದ್ದ ಮಾತು ಲೋಕದ ಸೊತ್ತಾಯಿತು. ಸಲ್ಮಾನ್ ಖಾನ್ ಎಂಬ ಅಮೆರಿಕದ ಯುವಕ 2004ರಲ್ಲಿ ದೂರದೂರಿನಲ್ಲಿದ್ದ ತನ್ನ ಸೋದರಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಹೊರಟದ್ದೇ ಮುಂದೆ ಖಾನ್ ಅಕಾಡೆಮಿಯಾಗಿ ಬೆಳೆಯಿತು. ನಮ್ಮವರೇ ಆದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ಆಟಿಕೆ ಮಾಡುವುದನ್ನು ಪುಟ್ಟ ಪುಟ್ಟ ಚಿತ್ರಗಳಲ್ಲಿ ತೋರಿಸಿಕೊಟ್ಟರು. ಅವರ ಚಿತ್ರ ಮುಗಿದ ಮೇಲೆ ಮಕ್ಕಳು ಕಸದ ಬುಟ್ಟಿ ಹುಡುಕುತ್ತಾರೆ. ಫ್ಯಾರಡೆ ಬಯಸಿದ್ದೂ ಇದನ್ನೇ ಅಲ್ಲವೇ?

ಮೊಮ್ಮಗಳು ತೋರಿಸಿದ ವಿಡಿಯೊದಲ್ಲಿ ಆ ಹುಡುಗಿಯ ಪ್ರಶ್ನೆಗೆ ಉತ್ತರವಿತ್ತು. ನ್ಯೂಟನ್ ಕಲ್ಪಿಸಿದಂತೆ, ಎತ್ತರದ ಬೆಟ್ಟದ ಮೇಲಿಂದ ಫಿರಂಗಿ ಹಾರಿಸಿದರೆ ಗುಂಡು ದೂರದಲ್ಲಿ ಬೀಳುತ್ತದೆ. ವೇಗ ಹೆಚ್ಚಿಸಿದಷ್ಟೂ ದೂರ ಹೆಚ್ಚು. ಸಾಕಷ್ಟು ವೇಗವಿದ್ದರೆ, ಗುಂಡು ಬೀಳುತ್ತಿದ್ದಂತೆಯೇ ಭೂಮಿಯೂ ಬಾಗಿ ದೂರ ಸರಿಯುವುದರಿಂದ ಅದು ನೆಲ ಮುಟ್ಟುವುದೇ ಇಲ್ಲ. ಉಪಗ್ರಹ ಸದಾ ಬೀಳುತ್ತಲೇ ಇರುತ್ತದೆ! ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸಮಭಾಜಕದ ಮೇಲೆ ಅದು ಭೂಮಿಯೊಂದಿಗೇ ದಿನಕ್ಕೊಂದು ಸುತ್ತು ಬರುವುದರಿಂದ ನಮ್ಮ ಕಣ್ಣಿಗೆ ನಿಂತಂತೆ ತೋರುತ್ತದೆ.

ವಿಡಿಯೊ ಮುಗಿಯಿತು, ಮತ್ತೊಂದು ತಾನಾಗಿಯೇ ಆರಂಭವಾಯಿತು. ಅಷ್ಟರಲ್ಲಿ ಮೊಮ್ಮಗಳು, “ಅಜ್ಜ, ಹಾಗಾದ್ರೆ ಚಂದ್ರನೂ ಬೀಳ್ತಾ ಇದ್ದಾನಾ?” ಎಂದಳು. ನಾನು ಮೊಬೈಲನ್ನು ಕೆಳಗಿಡಿಸಿದೆ. ಒಂದು ನಿಂಬೆಹಣ್ಣನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ, ಇಬ್ಬರೂ ಅಂಗಳದಲ್ಲಿ ತಿರುಗಿಸಿ ನೋಡಿದೆವು. ದಾರದ ಎಳೆತ ಕೈಗೆ ತಿಳಿಯಿತು. ದಾರ ಬಿಟ್ಟಾಗ ಹಣ್ಣು ಪಕ್ಕದ ಮನೆಯ ಕಾಂಪೌಂಡಿಗೆ ಹೋಯಿತು. ಚಂದ್ರನ ವಿಷಯ ಅಂದಿಗೆ ಅಷ್ಟು ಸಾಕಾಯಿತು.

ಯಂತ್ರಗಳು ಬದಲಾಗಿವೆ. ಅವು ಮಗುವಿನಲ್ಲಿ ಪ್ರಶ್ನೆಯನ್ನು ಎಬ್ಬಿಸಬಲ್ಲವು. ಅದು ಅಂದೂ ನಿಜ, ಇಂದೂ ನಿಜ. ಆದರೆ ಎದ್ದ ಪ್ರಶ್ನೆ ಬೆಳೆಯುವುದೋ ಬಾಡುವುದೋ ಎಂಬುದನ್ನು ನಿರ್ಧರಿಸುವವರು ಪಕ್ಕದಲ್ಲಿರುವ ಹಿರಿಯರು. 1976ರಲ್ಲಿ ಉಪಗ್ರಹ ತನ್ನ ಕೆಲಸವನ್ನು ಮಾಡಿತ್ತು. ನಾನು ನನ್ನ ಕೆಲಸವನ್ನು ಮಾಡಲಿಲ್ಲ.

ನಿಮ್ಮ ಮಕ್ಕಳು ಇಂತಹ ವಿಡಿಯೊ ನೋಡುವಾಗ ಹತ್ತು ನಿಮಿಷ ಅವರ ಬಳಿ ಕುಳಿತುಕೊಳ್ಳಿ. ಗೊತ್ತಿಲ್ಲದ್ದನ್ನು ಕೇಳಿದರೆ “ನನಗೂ ಗೊತ್ತಿಲ್ಲ, ಬಾ ನೋಡೋಣ” ಎನ್ನಿ. ಈ ನಾಲ್ಕು ಮಾತು ಕಲಿಯಲು ನಿಮ್ಮ ಮೇಷ್ಟ್ರಿಗೆ ಬಹಳ ವರ್ಷ ಹಿಡಿಯಿತು.