ಮಲೆನಾಡಿನ ಹಳೆಯ ಜೀಪುಗಳು

ಮಲೆನಾಡಿನ ಕಾಫಿ ತೋಟಗಳ ಚರಿತ್ರೆಯೆಂದರೆ ಬೆಳೆ, ಬೆಲೆ, ಬ್ರಿಟಿಷ್ ದೊರೆಗಳ ಬಂಗಲೆ. ಇಷ್ಟೇ ನಾನು ಹೆಚ್ಚಾಗಿ ಓದಿರುವುದು. ಕಾಫಿ ಚೀಲಗಳನ್ನು ಕಣದಿಂದ ಡಾಂಬರು ರಸ್ತೆಗೆ ಮುಟ್ಟಿಸಿದ ಜೀಪನ್ನು ಅಲ್ಲಿ ಯಾರೂ ನೆನೆಯುವುದಿಲ್ಲ. ಮೂಡಿಗೆರೆ ಸೀಮೆಯ ಹಳ್ಳಿಯೊಂದರಲ್ಲಿ ಬಹುಕಾಲ ಮೇಷ್ಟರಾಗಿದ್ದವನಿಗೆ ಇದು ಅನ್ಯಾಯವೆನಿಸುತ್ತದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳನ್ನು ಸೈನ್ಯಕ್ಕೆ ಒದಗಿಸಿದವು. ಯುದ್ಧ ಮುಗಿದೊಡನೆ ವಿಲ್ಲೀಸ್ ಅದನ್ನೇ ರೈತರ ವಾಹನವೆಂದು ಮಾರಿತು. ನಮ್ಮ ದೇಶದಲ್ಲಿ ಅದನ್ನು ಜೋಡಿಸತೊಡಗಿದ್ದು ಮಹೀಂದ್ರ ಕಂಪನಿ. 1953ರಲ್ಲಿ ಎತ್ತರದ ಹೊಸ ಎಂಜಿನ್ನಿಗಾಗಿ ಬಾನೆಟ್ಟನ್ನು ಮೇಲೇರಿಸಿ ರೂಪಿಸಿದ ಸಿಜೆ-3ಬಿ ಮಾದರಿಯು ಅಮೆರಿಕದಲ್ಲಿ 1968ಕ್ಕೆ ನಿಂತರೂ ಇಲ್ಲಿ ಅದರ ಮೈಕಟ್ಟು ದಶಕಗಳ ಕಾಲ ಮುಂದುವರಿಯಿತು. 1965ರಲ್ಲಿ ಎಫ್‌ಸಿ-150 ಎಂಬ ಪಿಕಪ್ ಬಂದಿತು. ಮುಂದೆ ಮೂತಿಯೇ ಇಲ್ಲ, ಹಿಂದೆ ಸರಕಿನ ತೊಟ್ಟಿ. ನೋಡಲು ಕುರೂಪಿ, ದುಡಿಮೆಯಲ್ಲಿ ಎತ್ತು.

ಪೆಟ್ರೋಲು ದುಬಾರಿಯಾದಂತೆ ಅನೇಕರು ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಹಾಗೆ ಮಾಡಲು ಊರಿನ ಗ್ಯಾರೇಜೇ ಸಾಕಾಗುತ್ತಿತ್ತು. ಜೀಪು ಮಲೆನಾಡಿನಲ್ಲಿ ಬಾಳಿದ್ದು ಈ ಗುಣದಿಂದಲೇ: ಅದರೊಳಗೆ ನಮ್ಮ ಮೆಕ್ಯಾನಿಕ್ಕನಿಗೆ ಬಿಚ್ಚಲಾಗದ್ದು ಏನೂ ಇರಲಿಲ್ಲ.

ಹಳೆಯ ಜೀಪು ಕೊಳ್ಳುವವರು ಬಣ್ಣಕ್ಕೆ ಮರುಳಾಗುವುದನ್ನು ಕಂಡಿದ್ದೇನೆ. ಎಂಜಿನ್ ಕೆಟ್ಟರೆ ತೆರೆಯಬಹುದು, ತಗಡು ಹೋದರೆ ಹೊಸದನ್ನು ಬೆಸೆಯಬಹುದು. ನೋಡಬೇಕಾದದ್ದು ಚಾಸಿಸ್. ಮಳೆನಾಡಿನ ಜೀಪಿಗೆ ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮೇಲ್ಭಾಗದಲ್ಲಿ, ಕೆಸರು ಕೂಡುವೆಡೆ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತಿಂದುಹೋದದ್ದು ಮಂಕಾಗಿ ನುಡಿಯುತ್ತದೆ. ಅನಂತರ ಏರಿನಲ್ಲಿ ಭಾರ ಹೇರಿ ಓಡಿಸಿ, ಫೋರ್‌ವೀಲ್ ಗೇರು ಹಿಂದಕ್ಕೆ ಜಾರುವುದೋ ನೋಡಬೇಕು. ಬದಲಾಯಿಸಿದ ಎಂಜಿನ್ನಿನ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ವ್ಯಾಪಾರವನ್ನೇ ಬಿಡುವುದು ಲೇಸು.

ಇಟ್ಟುಕೊಳ್ಳುವುದಕ್ಕೂ ತಾಳ್ಮೆ ಬೇಕು. ಹಳ್ಳ ದಾಟಿದ ಮೇಲೆ ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ಸ್ವಲ್ಪ ದೂರ ಮೆಲ್ಲಗೆ ಒತ್ತುತ್ತಾ ಹೋಗಿ ಒಣಗಿಸಿಕೊಳ್ಳಬೇಕು. ಆಕ್ಸಲ್ಲಿನ ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆಯೆಂದೇ ಅರ್ಥ. ಒಂದು ಆಷಾಢದ ರಾತ್ರಿ, ನಮ್ಮ ಶಾಲೆಯ ಮಗುವೊಂದರ ತಾಯಿಯನ್ನು ಹೆರಿಗೆಗೆ ಸಾಗಿಸಿದ್ದು ಅಂಥ ಜೀಪೇ. ಬೇರಾವ ವಾಹನವೂ ಆ ಏರು ಹತ್ತಿರಲಿಲ್ಲ.

ಖಾಸಗಿ ವಾಹನಕ್ಕೆ ನೋಂದಣಿ ಹದಿನೈದು ವರ್ಷ. ಬಳಿಕ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಲಘು ವಾಹನದ ನವೀಕರಣ ಶುಲ್ಕ ಆರುನೂರರಿಂದ ಐದು ಸಾವಿರ ರೂಪಾಯಿಗೆ ಏರಿತು. ಹೊಗೆಯುಗುಳುವ ಮುದಿ ವಾಹನಗಳಿಗೆ ಕಡಿವಾಣ ಬೇಕೆಂಬುದನ್ನು ನಾನು ಅಲ್ಲಗಳೆಯೆ. ಆದರೆ ಹೊಸ ಜೀಪಿನ ಬೆಲೆ ಎರಡೆಕರೆ ತೋಟದವನ ಕೈಗೆ ನಿಲುಕದು. ನನ್ನ ಪರಿಚಯದ ಸಣ್ಣ ಬೆಳೆಗಾರರೊಬ್ಬರು ನವೀಕರಣದ ಗೋಜಿಗೆ ಹೋಗಲಿಲ್ಲ. ಅವರ ಜೀಪು ಈಗ ತೋಟದ ಗೇಟಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದಾಚೆಗೆ ಚೀಲಗಳನ್ನು ಬಾಡಿಗೆ ಪಿಕಪ್ಪಿಗೆ ಏರಿಸುತ್ತಾರೆ.