ಆಟದ ವಿಮಾನವೂ ಬೆಂಗಳೂರಿನ ಮರದ ವಿಮಾನವೂ

ಬೇಸಿಗೆ ರಜೆಗೆಂದು ಹಿಂದೂಪುರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟದಲ್ಲಿ ಮುಳುಗಿದ್ದನು. "ತಾತ, ಇದು ನಿಜವಾದ ವಿಮಾನದ ಹಾಗೆಯೇ ಹಾರುತ್ತದೆ" ಎಂದನು. ಹಿಂದೆ ಕಲ್ಯಾಣದುರ್ಗದಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳು ಮಡಚಿದ ಕಾಗದದ ವಿಮಾನಗಳನ್ನು ಎಷ್ಟೋ ಕಂಡಿದ್ದೆವು. ಅವುಗಳ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ. "ಅದನ್ನು ಹೇಗೆ ಬಲ್ಲೆ?" ಎಂದು ಕೇಳಿದೆವು. ಹುಡುಗನು ಸುಮ್ಮನಾದನು. ಉತ್ತರವನ್ನು ಅರಸುತ್ತ ಹೋದಾಗ ಅದು ನಮ್ಮ ನೆರೆಯ ಬೆಂಗಳೂರಿನ ಇತಿಹಾಸದಲ್ಲಿಯೇ ದೊರೆಯಿತು.

ಪರದೆಯ ಮೇಲಿನ ವಿಮಾನದ ಬಣ್ಣ, ರೆಕ್ಕೆ, ಸದ್ದು ಇವು ಕೇವಲ ವೇಷ. ಅದರ ಒಳಗೊಂದು ಲೆಕ್ಕವಿರುತ್ತದೆ. ವಿಮಾನದ ತೂಕ, ರೆಕ್ಕೆಯ ವಿಸ್ತೀರ್ಣ, ಆಯಾ ಎತ್ತರದಲ್ಲಿ ಎಂಜಿನ್ನಿನ ನೂಕುಬಲ, ಗಾಳಿಯು ಎತ್ತುವ ಬಲ, ತಡೆಯುವ ಬಲ ಇವನ್ನೆಲ್ಲ ಗಣಕವು ಕ್ಷಣಕ್ಷಣವೂ ಕೂಡಿ ಕಳೆಯುತ್ತದೆ. ಬೇಸಿಗೆಯ ಬಿಸಿಗಾಳಿ ತೆಳುವಾದ್ದರಿಂದ ನಿಜವಾದ ವಿಮಾನವು ಮೇಲೇರಲು ಹೆಚ್ಚು ದೂರ ಓಡಬೇಕು. ಆಟದ ವಿಮಾನವೂ ಹಾಗೆಯೇ ಓಡಿದರೆ ಆ ಲೆಕ್ಕ ನಂಬತಕ್ಕದ್ದು. ಆದರೆ ಈ ಅಂಕಿಗಳನ್ನು ಯಾರೋ ಎಂದೋ ಅಳೆದಿರಬೇಕಲ್ಲವೇ?

ಆ ಅಳತೆಯ ಕಥೆ ನಮ್ಮವರದೂ ಹೌದು. 1956ರಲ್ಲಿ ಜರ್ಮನಿಯ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ನಮ್ಮ ಎಂಜಿನಿಯರರೊಡನೆ 'ಮಾರುತ್' ಯುದ್ಧವಿಮಾನವನ್ನು ರೂಪಿಸತೊಡಗಿದರು. ಗಣಕದ ಮಾದರಿಗಳಿಲ್ಲದ ಕಾಲವದು. ಅವರು ಪೂರ್ಣಗಾತ್ರದ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಕಟ್ಟಿ, ಇನ್ನೊಂದು ವಿಮಾನಕ್ಕೆ ಬಿಗಿದು ಮೇಲಕ್ಕೆಳೆಯಿಸಿ, 1959ರಲ್ಲಿ ಹಾರಿಸಿ ಅದರ ನಡತೆಯನ್ನು ಪರೀಕ್ಷಿಸಿದರು. ಇಂದಿನ ಹುಡುಗರ ಆಟವು ಮಾಡಹೊರಟ ಕೆಲಸವನ್ನೇ ಅಂದು ಆ ಮರದ ಮಾದರಿ ಮಾಡಿತು.

1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅವರು ನಿಜವಾದ ಮಾರುತ್ ವಿಮಾನವನ್ನು ಹಾರಿಸಿದರು. ಶಬ್ದದ ಎರಡರಷ್ಟು ವೇಗವೇ ಮೂಲ ಗುರಿ. ತಕ್ಕ ಎಂಜಿನ್ ದೊರೆಯದೆ ವಿಮಾನವು ಆ ಗುರಿಯನ್ನು ಮುಟ್ಟಲೇ ಇಲ್ಲ. ಆದುದರಿಂದ ಯಾವ ಆಟದಲ್ಲಾದರೂ ಮಾರುತ್ ಅಂಥ ವೇಗದಲ್ಲಿ ಧಾವಿಸಿದರೆ ಅದು ಅಭಿಮಾನವಾದೀತು, ಸತ್ಯವಾಗದು. ದಾಸರು 1970ರ ಜನವರಿ 10ರಂದು ಬೆಂಗಳೂರಿನಲ್ಲಿಯೇ ಮಾರುತ್‌ನ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಅಸುನೀಗಿದರು. ಅವರ ಹೆಸರನ್ನು ಹೊತ್ತ ರಸ್ತೆಯಲ್ಲಿ ನಮ್ಮಲ್ಲಿ ಅನೇಕರು ಓಡಾಡಿದ್ದೇವೆ.

ಮುಂದೆ ತೇಜಸ್ ಬಂದಿತು. ಇದನ್ನು ಉದ್ದೇಶಪೂರ್ವಕವಾಗಿ ಚಂಚಲವಾಗಿಯೇ ರಚಿಸಿದ್ದಾರೆ. ಗಣಕವು ಸದಾ ತಿದ್ದುತ್ತಿದ್ದರೆ ಮಾತ್ರ ನೆಟ್ಟಗೆ ಹಾರುತ್ತದೆ. ತಿದ್ದುವ ಸೂತ್ರ ತಪ್ಪಿದರೆ ಅಪಾಯ ಖಂಡಿತ. ಆದ್ದರಿಂದ ಬೆಂಗಳೂರಿನ ವಿಜ್ಞಾನಿಗಳು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಪೈಲಟ್ಟರನ್ನು ಕೂರಿಸಿ ಆ ಸೂತ್ರಗಳನ್ನು ಮತ್ತೆ ಮತ್ತೆ ಒರೆಗೆ ಹಚ್ಚಿದರು. 1998ರ ಅಣುಪರೀಕ್ಷೆಯ ತರುವಾಯ ಅಮೆರಿಕೆಯ ಸಹಕಾರ ನಿಂತುಹೋದರೂ ಕೆಲಸ ನಿಲ್ಲಲಿಲ್ಲ. 2001ರ ಜನವರಿ 4ರಂದು ರಾಜೀವ್ ಕೋಠಿಯಾಲ್ ಅವರು ತೇಜಸ್ಸನ್ನು ಮೊದಲ ಬಾರಿಗೆ ಆಕಾಶಕ್ಕೇರಿಸಿದರು. ನೆಲದ ಮೇಲಿನ ಮಾದರಿ ಸುಳ್ಳಾಡಿದ್ದರೆ ತೆರಬೇಕಾಗಿದ್ದ ಬೆಲೆ ಒಂದು ಪ್ರಾಣ.

ಮನೆಯ ಆಟಕ್ಕೆ ಇಷ್ಟು ಕಟ್ಟುನಿಟ್ಟು ಇರಲಾರದು. ಹಳೆಯ ವಿಮಾನಗಳ ಕೈಪಿಡಿಗಳು ಸಿಗುತ್ತವೆ. ಅವುಗಳ ಆಟದ ರೂಪವನ್ನು ತಾಳೆ ನೋಡಬಹುದು. ಇಂದು ಸೇವೆಯಲ್ಲಿರುವ ವಿಮಾನಗಳ ಅನೇಕ ಅಂಕಿಗಳು ಗುಟ್ಟಾಗಿರುವುದರಿಂದ ಅಲ್ಲಿ ಊಹೆಯೇ ಗತಿ.

ಮೊಮ್ಮಗನಿಗೆ ಇಷ್ಟನ್ನೂ ಹೇಳಿದೆವು. ಮರುದಿನ ಅವನು ನೋಟುಪುಸ್ತಕ ಹಿಡಿದು, ತನ್ನ ವಿಮಾನ ಇಂತಿಷ್ಟು ಎತ್ತರಕ್ಕೇರಲು ಎಷ್ಟು ನಿಮಿಷ ಹಿಡಿಯಿತೆಂದು ಬರೆಯುತ್ತಿದ್ದನು. "ಕೈಪಿಡಿಯಲ್ಲಿರುವುದಕ್ಕಿಂತ ಬೇಗ ಏರುತ್ತಿದೆ ತಾತ, ಆಟದವರು ತಪ್ಪು ಮಾಡಿದ್ದಾರೆ" ಎಂದನು. ಶಾಸನವನ್ನು ನೋಡದೆ ಊರಿನ ಇತಿಹಾಸ ಬರೆಯಬಾರದೆಂದು ಮೂರು ದಶಕ ಪಾಠ ಹೇಳಿದ ನಮಗೆ ಅದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಬೇಕಿರಲಿಲ್ಲ.