ಒರೆಗೆ ಹಚ್ಚಿದ ಚಿನ್ನ

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಒಂದೆಳೆ ಚಿನ್ನವಾದರೂ ಇದ್ದೀತು. ಎಷ್ಟು ವರ್ಷ ಪೆಟ್ಟಿಗೆಯಲ್ಲಿಟ್ಟರೂ ಅದಕ್ಕೆ ತುಕ್ಕಿಲ್ಲ, ಕಿಲುಬಿಲ್ಲ. ಯಾವುದರೊಡನೆಯೂ ಸುಲಭವಾಗಿ ಬೆರೆಯದ ಈ ಗುಣವನ್ನೇ ನಾವು ನೆಚ್ಚಿದೆವು. ಅದೇ ಗುಣದಿಂದಾಗಿ ರಸಾಯನ ವಿಜ್ಞಾನಿಗಳು ಬಹುಕಾಲ ಚಿನ್ನವನ್ನು ಪ್ರಯೋಗಶಾಲೆಯಲ್ಲಿ ಬದಿಗಿರಿಸಿದ್ದರು.

ಈ ಭಾವನೆ ಮೆಲ್ಲಗೆ ಸಡಿಲವಾಯಿತು. 1973ರಲ್ಲಿ ಬ್ರಿಟನ್ನಿನ ಜೆಫ್ರಿ ಬಾಂಡ್ ಮತ್ತು ಸಂಗಡಿಗರು, ಚಿನ್ನದ ಸೂಕ್ಷ್ಮ ಕಣಗಳ ನೆರವಿನಿಂದ ಆಲ್ಕೀನುಗಳಿಗೆ ಜಲಜನಕ ಸೇರುವುದನ್ನು ತೋರಿಸಿದರು. 1987ರಲ್ಲಿ ಜಪಾನಿನ ಮಸಾತಾಕೆ ಹರುತ, ಇಂಥ ಕಣಗಳು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕದೊಡನೆ ಕೂಡಿಸಬಲ್ಲವೆಂದು ಪ್ರಕಟಿಸಿದರು. ಅದೇ ವರ್ಷ ಜಪಾನಿನಲ್ಲೇ ಉತಿಮೋತೊ ಅವರ ತಂಡ ಚಿನ್ನದ ಲವಣದಿಂದ ಅಮೈನನ್ನು ಆಲ್ಕೈನಿನ ತ್ರಿಬಂಧಕ್ಕೆ ಸೇರಿಸಿತು.

ಆಲ್ಕೀನಿನ ದ್ವಿಬಂಧ ಮಾತ್ರ ಅಷ್ಟು ಬೇಗ ಮಣಿಯಲಿಲ್ಲ. ಔಷಧಿಗಳಲ್ಲಿ ಹಲವಕ್ಕೆ ಸಾರಜನಕದ ಬಂಧ ಬೇಕು. ಪೆಟ್ರೋಲಿಯಮಿನಿಂದ ಆಲ್ಕೀನುಗಳು ಹೇರಳವಾಗಿ ದೊರೆಯುತ್ತವೆ. ಆದರೆ ಎರಡೂ ಇಲೆಕ್ಟ್ರಾನು ತುಂಬಿದ ಪಕ್ಷಗಳು, ಒಂದರ ಹತ್ತಿರ ಇನ್ನೊಂದು ಸುಳಿಯದು. ಚಿನ್ನದ ಅಯಾನು ದ್ವಿಬಂಧದ ಇಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದರೆ ಸಾರಜನಕಕ್ಕೆ ದಾರಿ ತೆರೆಯುತ್ತದೆ. ಸಂಬಂಧ ಕುದುರಿಸಿದ ಹಿರಿಯರಂತೆ ಚಿನ್ನ ಮುಂದಿನ ಜೋಡಿಯತ್ತ ಹೊರಡುತ್ತದೆ. ಸಾಮಾನ್ಯ ಅಮೈನುಗಳು ಚಿನ್ನವನ್ನೇ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅವುಗಳ ಸೌಮ್ಯ ಬಂಧುಗಳನ್ನು ಬಳಸಬೇಕಾಯಿತು.

2006ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಚುವಾನ್ ಹೆ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಾಸ್ ವಿಡೆನ್‌ಹೋಫರ್ ಇದನ್ನು ಸಾಧಿಸಿದರು. ಅಲ್ಲೇ ಒಂದು ಸಂಶಯ ತಲೆಯೆತ್ತಿತು. ದುಡಿದದ್ದು ಚಿನ್ನವೇ, ಅಥವಾ ಚಿನ್ನದ ಲವಣದಿಂದ ಹುಟ್ಟಬಹುದಾದ ಟ್ರೈಫ್ಲಿಕ್ ಆಮ್ಲವೇ? ಅದೇ ವರ್ಷ ಹೆ ಅವರ ತಂಡವೂ, ಪ್ರತ್ಯೇಕವಾಗಿ ಜಾನ್ ಹಾರ್ಟ್‌ವಿಗ್ ಅವರ ತಂಡವೂ, ಚಿನ್ನವಿಲ್ಲದೆ ತುಸು ಆಮ್ಲದಿಂದಲೇ ಇಂಥ ಕೆಲವು ಕ್ರಿಯೆಗಳು ನಡೆಯುತ್ತವೆಂದು ತೋರಿಸಿದವು. ತಮ್ಮ ಫಲಿತಾಂಶವನ್ನು ತಾವೇ ಒರೆಗೆ ಹಚ್ಚುವ ಎದೆಗಾರಿಕೆ ಸಣ್ಣದಲ್ಲ.

ಹಾಗಾದರೆ ಚಿನ್ನ ಸೋತಿತೇ? ಇಲ್ಲ. 2009ರಲ್ಲಿ ವಿಡೆನ್‌ಹೋಫರ್ ತಂಡ ಯೂರಿಯಾ ವರ್ಗದ ವಸ್ತುಗಳನ್ನು ಆಲ್ಕೀನುಗಳಿಗೆ ಸೇರಿಸಿತು. ಚಿನ್ನಕ್ಕೆ ಎಡಗೈ ಬಲಗೈಗಳಂತೆ ಭೇದವುಳ್ಳ ಜೊತೆಗಾರ ಅಣುವನ್ನು ಜೋಡಿಸಿದಾಗ, ಹುಟ್ಟಿದ ವಸ್ತುವಿನಲ್ಲಿ ಒಂದು 'ಕೈ'ಯ ಅಣುಗಳೇ ಹೆಚ್ಚಾಗಿದ್ದವು. ಬರಿಯ ಆಮ್ಲಕ್ಕೆ ಎಡ ಬಲ ತಿಳಿಯದು. ಇಲ್ಲಿ ಚಿನ್ನದ ಕೈವಾಡ ಖಚಿತವಾಯಿತು.

ಹಳೆಯ ಒಡವೆಯನ್ನು ಅಕ್ಕಸಾಲಿಗನು ಒರೆಗಲ್ಲಿಗೆ ಉಜ್ಜುವಾಗ ನಾವು ಬೇಸರಪಡುವುದಿಲ್ಲ. ವಿಜ್ಞಾನದಲ್ಲೂ ಅಷ್ಟೆ. ಒರೆಗೆ ಅಂಜದೆ ಉಳಿದದ್ದೇ ಅಪರಂಜಿ.